ಅಟ್ಟದ ಮೇಲಿನ ಹತ್ತೊಂಬತ್ತು ಕ್ಯಾಸೆಟ್ಟುಗಳು

ಮನೆಯಲ್ಲಿ ಹಳೆಯ ವೀಡಿಯೋ ಕ್ಯಾಸೆಟ್ಟುಗಳು ಬಿದ್ದಿವೆ. ಅವನ್ನು ಏನು ಮಾಡಬೇಕು? ಆಕಾಶವಾಣಿಯ ಮಿತ್ರರು ಈ ಹೊತ್ತಿನ ಮಾತಿಗೆಂದು ನನಗೆ ಕೊಟ್ಟ ವಿಷಯ ಇದು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಈ ಯಂತ್ರದ ಸರಕಿಗೂ ಏನು ನಂಟು ಎಂದು ಕೇಳುಗರಿಗೆ ಅನ್ನಿಸೀತು. ಮೊದಲು ನನಗೂ ಹಾಗೆಯೇ ಅನ್ನಿಸಿತು. ಆದರೆ ಕಳೆದ ಒಂದು ವರ್ಷ ನಾನು ಈ ಪ್ರಶ್ನೆಯೊಡನೆ ಗುದ್ದಾಡಿದ್ದೇನೆಂಬ ಸುದ್ದಿ ಅವರ ಕಿವಿಗೆ ಬಿದ್ದಿರಬೇಕು. ಆದ್ದರಿಂದ ನನಗೆ ಆದುದನ್ನು ಆದಂತೆ ಹೇಳುತ್ತೇನೆ. ಇದರಲ್ಲಿ ನನ್ನ ತಂಗಿಯ ಮಾತು ಬರುತ್ತದೆ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ತೀರ್ಥಹಳ್ಳಿಯ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಈಗ ಯಾರೂ ವಾಸವಿಲ್ಲ. ನಾನು ಶಿವಮೊಗ್ಗದಲ್ಲಿದ್ದೇನೆ, ತಂಗಿ ಮೈಸೂರಿನಲ್ಲಿ, ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹೆಂಚು ಕೈಯಾಡಿಸುವುದಕ್ಕೆಂದು ನಾನು ಹೋಗಿ ಎರಡು ದಿನ ಇದ್ದು ಬರುತ್ತೇನೆ. ಕಳೆದ ಬೇಸಗೆಯಲ್ಲಿ ಹೀಗೆ ಹೋದಾಗ ಅಟ್ಟದ ಮೂಲೆಯಲ್ಲಿದ್ದ ತಗಡಿನ ಟ್ರಂಕೊಂದು ಕೆಳಗಿಳಿಯಿತು. ಅದರೊಳಗೆ ತಂದೆಯವರ ಅಡಕೆ ವ್ಯಾಪಾರದ ಲೆಕ್ಕದ ಪುಸ್ತಕಗಳು, ಅವುಗಳ ಕೆಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಹತ್ತೊಂಬತ್ತು ವೀಡಿಯೋ ಕ್ಯಾಸೆಟ್ಟುಗಳು. ಲೆಕ್ಕದ ಪುಸ್ತಕಗಳನ್ನು ಗೆದ್ದಲು ಮುಕ್ಕಾಲು ಪಾಲು ತಿಂದಿತ್ತು. ಕ್ಯಾಸೆಟ್ಟಿನ ತಂಟೆಗೆ ಅದು ಹೋಗಿರಲಿಲ್ಲ. ಕ್ಯಾಸೆಟ್ಟಿಗೆ ಬೇರೆಯ ಶತ್ರುಗಳಿವೆಯೆಂಬುದು ಆಗ ನನಗೆ ತಿಳಿದಿರಲಿಲ್ಲ.

ಈಗಿನ ಮಕ್ಕಳಿಗೆ ಈ ವಸ್ತುವಿನ ಪರಿಚಯವೇ ಇಲ್ಲವಾದ್ದರಿಂದ ಎರಡು ಮಾತು. ಜಪಾನಿನ ಸೋನಿ ಕಂಪೆನಿಯವರು ೧೯೭೫ರಲ್ಲಿ ಬೀಟಾಮ್ಯಾಕ್ಸ್ ಎಂಬ ಮಾದರಿಯನ್ನೂ ಮರುವರ್ಷ ಜೆವಿಸಿ ಕಂಪೆನಿಯವರು ವಿ.ಎಚ್.ಎಸ್. ಎಂಬ ಮಾದರಿಯನ್ನೂ ಹೊರತಂದರು. ಎರಡರ ಪೈಪೋಟಿಯಲ್ಲಿ ಗೆದ್ದುದು ಎರಡನೆಯದು. ನಮ್ಮ ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದುದು ೧೯೮೨ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ. ಅದರ ಬೆನ್ನಿಗೇ ವೀಡಿಯೋ ಯಂತ್ರಗಳೂ ಬಂದವು. ಒಂದು ರಾತ್ರಿಯ ಮಟ್ಟಿಗೆ ಟಿ.ವಿ.ಯನ್ನೂ ವಿ.ಸಿ.ಪಿ.ಯನ್ನೂ ಬಾಡಿಗೆಗೆ ತಂದು, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಿನ ಕೋಳಿ ಕೂಗುವತನಕ ಮೂರು ನಾಲ್ಕು ಸಿನಿಮಾ ನೋಡಿ, ಮರುದಿನ ಕೆಲಸಕ್ಕೆ ಹೋಗಿ ತೂಕಡಿಸಿದ ನೆನಪು ನನ್ನ ವಯಸ್ಸಿನವರಲ್ಲಿ ಅನೇಕರಿಗೆ ಇದ್ದೀತು.

ಆಮೇಲೆ ಮದುವೆಗಳಿಗೆ ವೀಡಿಯೋ ಬಂತು. ಹೆಗಲ ಮೇಲೆ ಕ್ಯಾಮರಾ ಹೊತ್ತ ಒಬ್ಬ, ಅವನ ಹಿಂದೆ ಕಣ್ಣು ಕುಕ್ಕುವ ದೀಪ ಎತ್ತಿಹಿಡಿದ ಹುಡುಗನೊಬ್ಬ, ಆ ಹುಡುಗನ ಹಿಂದೆ ಹಾವಿನಂತೆ ಹರಿದಾಡುವ ವಯರು. ಆ ಬೆಳಕು ಮೈಮೇಲೆ ಬಿದ್ದೊಡನೆ ಊಟಕ್ಕೆ ಕುಳಿತವರು ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ಫೋಟೋಕ್ಕೆ ನಿಂತವರಂತೆ ಸ್ತಬ್ಧರಾಗುತ್ತಿದ್ದರು. ಚಲಿಸುವ ಚಿತ್ರ ತೆಗೆಯುತ್ತಿದ್ದಾರೆ, ಕದಲಬಹುದು ಎಂಬ ತಿಳಿವಳಿಕೆ ಮೂಡುವುದಕ್ಕೆ ನಮ್ಮ ಕಡೆ ಹಲವಾರು ವರ್ಷ ಹಿಡಿಯಿತು. ಹೀಗೆ ತೆಗೆದುದನ್ನು ಸ್ಟುಡಿಯೋದವರು ಇನ್ನೊಂದು ಟೇಪಿಗೆ ಇಳಿಸುತ್ತಿದ್ದರು. ಇಳಿಸುವಾಗ ಮದುಮಗಳ ಮುಖವನ್ನು ಗುಲಾಬಿ ಹೂವಿನೊಳಗೆ ಅರಳಿಸುವುದು, ದಂಪತಿಗಳನ್ನು ಹೃದಯದಾಕಾರದ ಕಿಟಕಿಯಲ್ಲಿ ಕೂರಿಸುವುದು ಮುಂತಾದ ಅಲಂಕಾರಗಳನ್ನು ಮಾಡಿ, ಮದುವೆ ಮನೆಯ ಸದ್ದನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಸಿನಿಮಾ ಹಾಡುಗಳನ್ನು ತುಂಬಿ ಕೊಡುತ್ತಿದ್ದರು. ಈ ಕೊನೆಯ ಮಾತನ್ನು ಕೇಳುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಟ್ರಂಕಿನಲ್ಲಿದ್ದ ಹತ್ತೊಂಬತ್ತರಲ್ಲಿ ಎಂಟು ಸಿನಿಮಾಗಳು. ಮೂರರಲ್ಲಿ, ೧೯೮೭-೮೮ರ ಭಾನುವಾರದ ಬೆಳಗುಗಳಲ್ಲಿ ದೂರದರ್ಶನ ತೋರಿಸಿದ ರಾಮಾಯಣದ ಕೆಲವು ಕಂತುಗಳು. ಒಂದು ತಂದೆಯವರ ಭೀಮರಥ ಶಾಂತಿ. ಒಂದು ನನ್ನ ಮಗಳ ನಾಮಕರಣ. ಒಂದರ ಮೇಲೆ ಬಂಗಾರದ ಬಣ್ಣದ ಅಕ್ಷರದಲ್ಲಿ ತಂಗಿಯ ಮದುವೆ, ೧೯೮೯. ಎರಡು, ತಮ್ಮ ೧೯೯೩ರಲ್ಲಿ ಅಮೆರಿಕದಿಂದ ಕಳಿಸಿದವು. ಉಳಿದ ಮೂರರ ಮೇಲೆ ಏನೂ ಬರೆದಿರಲಿಲ್ಲ.

ಶಿವಮೊಗ್ಗಕ್ಕೆ ತಂದು ಮಂಚದ ಕೆಳಗೆ ಇಟ್ಟೆ. ನೋಡುವುದಕ್ಕೆ ಯಂತ್ರವಿಲ್ಲ. ನಮ್ಮ ಯಂತ್ರವನ್ನು ಹಳೆಯ ಸಾಮಾನಿನವನಿಗೆ ಹಾಕಿ ಹದಿನೈದು ವರ್ಷವಾಗಿತ್ತು. ಹೊಸದನ್ನು ಕೊಳ್ಳೋಣವೆಂದರೆ ಜಗತ್ತಿನಲ್ಲಿ ಈ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, ೨೦೧೬ರ ಜುಲೈನಲ್ಲಿಯೇ ಆ ಕೆಲಸವನ್ನು ನಿಲ್ಲಿಸಿದೆ. ನನ್ನ ಹೆಂಡತಿ ಎರಡು ಸಲ, "ಇವನ್ನು ಏನು ಮಾಡುತ್ತೀರಿ?" ಎಂದು ಕೇಳಿದಳು. ಮೂರನೆಯ ಸಲ ಕೇಳಲಿಲ್ಲ, ಮಂಚದ ಕೆಳಗೆ ಗುಡಿಸುವುದನ್ನು ನಿಲ್ಲಿಸಿದಳು. ಅದರ ಅರ್ಥ ನನಗೆ ತಿಳಿಯಿತು.

ದಸರೆಯ ಹೊತ್ತಿಗೆ, ಊರಿನಲ್ಲಿ ನಮ್ಮ ಗದ್ದೆ ಮಾಡುವಾತ ಬಂದಿದ್ದ. ಹಳೆಯ ಟೇಪಿದ್ದರೆ ಕೊಡಿ ಮೇಷ್ಟ್ರೆ ಎಂದ. ತೆನೆ ಕಟ್ಟುವ ಸಮಯದಲ್ಲಿ ಗದ್ದೆಯ ಉದ್ದಗಲಕ್ಕೆ ಗೂಟ ನೆಟ್ಟು ಟೇಪನ್ನು ಬಿಗಿಯಾಗಿ ಕಟ್ಟಿದರೆ ಅದು ಬಿಸಿಲಿಗೆ ಮಿರಮಿರನೆ ಮಿಂಚುತ್ತದೆ, ಗಾಳಿಗೆ ಗುಂಯ್ ಎಂದು ನಾದ ಮಾಡುತ್ತದೆ. ಗಿಳಿಗಳು ಹತ್ತಿರ ಸುಳಿಯುವುದಿಲ್ಲ. ಮೂರು ಗಂಟೆಯ ಒಂದು ಕ್ಯಾಸೆಟ್ಟಿನಲ್ಲಿ ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚೇ ಟೇಪಿರುತ್ತದೆ. ಹಳೆಯ ಕ್ಯಾಸೆಟ್ಟಿಗೆ ಇದಕ್ಕಿಂತ ಉತ್ತಮವಾದ ಸದ್ಗತಿ ಯಾವುದಿದ್ದೀತು ಎಂದುಕೊಂಡು, ಏನೂ ಬರೆದಿಲ್ಲದ ಆ ಮೂರನ್ನು ಅವನ ಚೀಲಕ್ಕೆ ಹಾಕಿದೆ. ಸಿನಿಮಾಗಳನ್ನು ಕೊಡಬಹುದಾಗಿತ್ತು. ಆದರೆ ಅವುಗಳ ಮೇಲೆ ಹೆಸರಿತ್ತಲ್ಲ. ಹೆಸರಿದ್ದದ್ದಕ್ಕೆ ಬೆಲೆಯುಂಟು, ಹೆಸರಿಲ್ಲದ್ದಕ್ಕೆ ಇಲ್ಲ ಎಂಬ ಭಾವನೆ ನನ್ನಂಥ ಪುಸ್ತಕದ ಜನಕ್ಕೆ ರಕ್ತಗತವಾದದ್ದು.

ಇದಾದ ವಾರಕ್ಕೆ ಪೇಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದವನು. ಈಗ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕಸುಬು ಇಟ್ಟುಕೊಂಡು ಬಹಳ ಎಚ್ಚರವಾಗಿದ್ದಾನೆ. ಅವನ ಕೋಣೆಯಲ್ಲಿ ನಾನು ಒಟ್ಟು ಹನ್ನೊಂದು ಮಧ್ಯಾಹ್ನ ಕುಳಿತಿದ್ದೇನೆ. ಈಗ ಹೇಳುವ ಶಾಸ್ತ್ರವೆಲ್ಲ ಅಲ್ಲಿ ಕಲಿತದ್ದು.

ಟೇಪೆಂದರೆ ಅರ್ಧ ಅಂಗುಲ ಅಗಲದ ತೆಳುವಾದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸಣ್ಣ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಹಿಡಿಸಿರುತ್ತಾರೆ. ಚಿತ್ರವೂ ಧ್ವನಿಯೂ ಆ ಪುಡಿಯ ಕಾಂತಗುಣದಲ್ಲಿ ಅಡಗಿರುತ್ತವೆ. ಯಂತ್ರದೊಳಗೆ ತುಸು ಓರೆಯಾಗಿ ಕೂರಿಸಿದ ಒಂದು ಉರುಳೆಯಿದೆ. ನಮ್ಮ ದೇಶದ ಪದ್ಧತಿಯಲ್ಲಿ ಅದು ಸೆಕೆಂಡಿಗೆ ೨೫ ಸುತ್ತು ತಿರುಗುತ್ತ, ತನ್ನ ಮೈಯಲ್ಲಿರುವ ಸಣ್ಣ ಮೂತಿಗಳಿಂದ ಟೇಪನ್ನು ಓರೆಗೆರೆಗಳಲ್ಲಿ ಓದುತ್ತದೆ. ಧ್ವನಿ ಮಾತ್ರ ಟೇಪಿನ ಅಂಚಿನುದ್ದಕ್ಕೆ ಬೇರೆಯಾಗಿ ಇರುತ್ತದೆ. ಚಿತ್ರವನ್ನು ಮುಟ್ಟದೆ ಧ್ವನಿಯೊಂದನ್ನೇ ಅಳಿಸಿ ಬೇರೆ ಹಾಡು ತುಂಬುವುದು ಸಾಧ್ಯವಾಗುತ್ತಿದ್ದುದು ಇದರಿಂದ.

ಕೆಡುವುದು ಪಟ್ಟಿಯಲ್ಲ, ಅಂಟು. ಅದು ಗಾಳಿಯಲ್ಲಿನ ತೇವವನ್ನು ಹೀರಿ ನಿಧಾನವಾಗಿ ಒಡೆಯುತ್ತದೆ. ಕೆಲವು ಟೇಪುಗಳಲ್ಲಿ ಅಂಟಂಟಾಗಿ ಯಂತ್ರಕ್ಕೆ ಹಿಡಿದುಕೊಳ್ಳುತ್ತದೆ, ಪುಡಿ ಉದುರುತ್ತದೆ, ಉದುರಿದ ಕಡೆ ಚಿತ್ರದಲ್ಲಿ ಬಿಳಿಯ ಗೀರುಗಳು ಹರಿಯುತ್ತವೆ. ಮಲೆನಾಡಿನಂಥ ಕಡೆ ಇದಕ್ಕೆ ಬೂಷ್ಟೂ ಸೇರಿಕೊಳ್ಳುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದಾಗ ಸುರುಳಿಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಅದನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಯಂತ್ರ ಕೆಡುತ್ತದೆ, ಆಮೇಲೆ ಹಾಕಿದ ಟೇಪುಗಳಿಗೂ ಬೂಷ್ಟು ಹತ್ತುತ್ತದೆ. ಯುನೆಸ್ಕೋ ಸಂಸ್ಥೆಯೂ ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವೂ ಕೂಡಿ ೨೦೧೯ರಲ್ಲಿ ಇದರ ಬಗ್ಗೆ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟವು. ೨೦೨೫ರ ಸುಮಾರಿಗೆ ಟೇಪು ಉಳಿದಿದ್ದರೂ ಓದುವ ಯಂತ್ರಗಳು, ಬಿಡಿಭಾಗಗಳು, ಬಲ್ಲ ಕೈಗಳು ಸಿಕ್ಕುವುದು ಕಷ್ಟವಾದೀತೆಂದು ಅದಕ್ಕೆ ಮುಂಚಿನಿಂದಲೂ ಈ ಕ್ಷೇತ್ರದವರು ಹೇಳುತ್ತಿದ್ದರು. ಆ ವರ್ಷವೂ ಕಳೆಯಿತು. ದೊಡ್ಡ ಸಂಸ್ಥೆಗಳೂ ಈ ವಿಷಯದಲ್ಲಿ ನಮ್ಮಂಥವರೇ ಎನ್ನಿ. ೧೯೬೯ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗಿನ ಮೂಲ ಟೇಪುಗಳು ಎಲ್ಲಿ ಎಂದು ಅಮೆರಿಕದ ನಾಸಾದವರು ಹುಡುಕಿ, ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂದು ೨೦೦೯ರಲ್ಲಿ ಒಪ್ಪಿಕೊಂಡರು. ಅದನ್ನು ಓದಿದಾಗ ನನ್ನ ಗಿಳಿಯ ಪ್ರಸಂಗದ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಶಿಷ್ಯ ಮೊದಲು ಇಳಿಸಿದ್ದು ತಂಗಿಯ ಮದುವೆಯ ಟೇಪನ್ನು. ಇಳಿಸುವುದಕ್ಕೆ ಅಡ್ಡದಾರಿಯಿಲ್ಲ, ಮೂರು ಗಂಟೆಯ ಟೇಪು ಮೂರು ಗಂಟೆ ಓಡಲೇಬೇಕು. ನಾನು ಕುಳಿತು ನೋಡಿದೆ. ತಂದೆ ಬಂದರು, ನನಗಿಂತ ಚಿಕ್ಕವರಾಗಿ. ಅಮ್ಮ ಬಂದಳು. ಆಮೇಲೆ ಅಜ್ಜಿ, ೧೯೯೧ರಲ್ಲಿ ತೀರಿಕೊಂಡ ನಮ್ಮ ಅಜ್ಜಿ, ನಡುಮನೆಯ ಕಂಬಕ್ಕೆ ಒರಗಿ ಕುಳಿತು ಬಾಯಿ ಆಡಿಸುತ್ತಿದ್ದಾಳೆ. ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಾಳೆಂದು ಕೈಯ ತಾಳದಿಂದಲೇ ಗೊತ್ತಾಗುತ್ತದೆ. ಆದರೆ ಕೇಳುತ್ತಿದ್ದುದು ಯಾವುದೋ ಸಿನಿಮಾದ ಪ್ರೇಮಗೀತೆ. ಸೀಮೆಗೆಲ್ಲ ಹೆಸರಾಗಿದ್ದವಳು ಅಜ್ಜಿ. ಹಸೆಯ ಹಾಡು, ಬೀಗರ ಹಾಡು, ಒಸಗೆಯ ಹಾಡು ಎಂದು ನೂರಾರು ಅವಳ ಬಾಯಲ್ಲಿದ್ದವು. ಊರೂರು ಅಲೆದು ಯಾರ ಯಾರ ಹಾಡುಗಳನ್ನೋ ವಿದ್ಯಾರ್ಥಿಗಳಿಂದ ಸಂಗ್ರಹ ಮಾಡಿಸಿದ ನಾನು ನನ್ನ ಅಜ್ಜಿಯ ಒಂದು ಹಾಡನ್ನೂ ಬರೆದುಕೊಂಡಿರಲಿಲ್ಲ. ಅವಳು ಇದ್ದೇ ಇರುತ್ತಾಳಲ್ಲ ಎಂಬ ಭಾವನೆ.

ಆಮೇಲೆ ಮಾಡಿದ್ದು ತಪ್ಪು. ಅಜ್ಜಿ, ತಂದೆ, ಅಮ್ಮ, ಹಸೆಯ ಮೇಲೆ ಮದುಮಕ್ಕಳು, ಇಷ್ಟನ್ನು ಶಿಷ್ಯನಿಂದ ಐದು ನಿಮಿಷಕ್ಕೆ ಕತ್ತರಿಸಿಕೊಂಡು ನಮ್ಮ ಮನೆತನದವರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಲವತ್ತು ಜನ ನೋಡಿದರು. ಹೂವಿನ, ಕೈಮುಗಿದ ಚಿಹ್ನೆಗಳು ಬಂದವು. ಸಂಜೆಯ ಹೊತ್ತಿಗೆ ತಂಗಿ ಗುಂಪಿನಿಂದ ಹೊರಟುಹೋದಳು.

ಅವಳ ಮದುವೆ ಏಳು ವರ್ಷ ನಡೆದು ೧೯೯೬ರಲ್ಲಿ ನ್ಯಾಯಾಲಯದಲ್ಲಿ ಮುಗಿದಿತ್ತು. ಆ ಏಳು ವರ್ಷಗಳ ವಿವರ ಇಲ್ಲಿ ಬೇಡ. ಆ ಕಾಲದ ನಮ್ಮ ಕಡೆಯ ಜನ ಅವಳನ್ನು ಕುರಿತು ಏನು ಮಾತನಾಡಿದರೆಂಬುದನ್ನು ಊಹಿಸಿಕೊಳ್ಳಬಹುದು. ಅದೇ ಜನದ ಮುಂದೆ ಅವಳ ಅಣ್ಣನಾದ ನಾನು, ಮೂವತ್ತು ವರ್ಷಗಳ ಮೇಲೆ, ಅವಳನ್ನು ಮತ್ತೆ ಹಸೆಯ ಮೇಲೆ ಕೂರಿಸಿದ್ದೆ. ಫೋನು ಮಾಡಿದೆ.

"ಅದನ್ನ ಯಾಕೆ ಇಟ್ಕೊಂಡಿದೀಯ ಅಣ್ಣ? ಸುಟ್ಟು ಹಾಕು" ಎಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದರಲ್ಲಿ ಅಜ್ಜಿ ಇದ್ದಾಳೆ, ಹಾಡುತ್ತಿದ್ದಾಳೆ ಎಂದೆ.

"ಹಾಡು ಎಲ್ಲಿದೆ? ಸಿನಿಮಾ ಹಾಡು ಕೇಳಿಸ್ತಿದೆ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇದರ ಮರುದಿನ ಶಿಷ್ಯ ನಾಮಕರಣದ ಟೇಪನ್ನು ಯಂತ್ರಕ್ಕೆ ಹಾಕುವ ಮುನ್ನ ಅದರ ಬೆನ್ನಿನ ಅಂಚನ್ನು ತೋರಿಸಿ, "ಸರ್, ಇಲ್ಲಿ ಒಂದು ಸಣ್ಣ ಹಲ್ಲಿರುತ್ತದೆ. ಅದನ್ನು ಮುರಿದುಬಿಟ್ಟರೆ ಆಮೇಲೆ ಆ ಟೇಪಿನ ಮೇಲೆ ಯಾರೂ ಬೇರೆ ರೆಕಾರ್ಡು ಮಾಡಲಾಗುವುದಿಲ್ಲ. ಉಳಿಯಬೇಕು ಎನ್ನುವವರು ಮುರಿದಿಡುತ್ತಿದ್ದರು" ಎಂದ. ಆ ಮಾತಿನೊಡನೆ ತಂದೆಯವರ ಒಂದು ಚಿತ್ರ ನನ್ನ ಕಣ್ಣಮುಂದೆ ಬಂತು. ಚಾವಡಿಯ ಬೆಂಚಿನ ಮೇಲೆ ಕುಳಿತು, ಅಡಕತ್ತರಿಯ ತುದಿಯಿಂದ ಕಪ್ಪಗಿನ ಯಾವುದನ್ನೋ ಚಟ್ಟನೆ ಮುರಿಯುತ್ತಿದ್ದಾರೆ. ಪಕ್ಕದಲ್ಲಿ ಇನ್ನೂ ಎರಡಿವೆ. ಏನದು ಎಂದು ನಾನು ಕೇಳಿದ್ದೆ. "ನನ್ನ ದುಡ್ಡಿನ ಟೇಪು. ಅವನು ಇದರ ಮೇಲೆ ಇನ್ನೊಬ್ಬರ ಮನೆ ಮದುವೆ ತೆಗೀತಾನಂತೆ" ಎಂದಿದ್ದರು. ಕ್ಯಾಮರಾದಲ್ಲಿ ತೆಗೆದ ಮೂಲ ಟೇಪುಗಳನ್ನು ಸ್ಟುಡಿಯೋದವರು ಮುಂದಿನ ಮದುವೆಗೆ ಬಳಸುವುದು ವಾಡಿಕೆ. ಖಾಲಿ ಟೇಪುಗಳನ್ನು ತಾವೇ ಕೊಂಡು ಕೊಟ್ಟಿದ್ದ ತಂದೆ, ವ್ಯಾಪಾರಸ್ಥರು, ಜಗಳ ಮಾಡಿ ಅವನ್ನು ವಾಪಸು ತಂದಿದ್ದರು. ಮೂರು ಟೇಪು. ಮೇಲೆ ಏನೂ ಬರೆದಿರಲಿಲ್ಲ, ಯಾಕೆಂದರೆ ಏನೆಂಬುದು ಅವರಿಗೆ ಗೊತ್ತಿತ್ತು.

ಗದ್ದೆಯವನಿಗೆ ಫೋನು ಮಾಡಿದೆ. "ಎರಡು ಕಟ್ಟಾಯ್ತು ಮೇಷ್ಟ್ರೆ, ಒಂದು ಕೊಟ್ಟಿಗೇಲಿದೆ. ಗಿಳಿ ಬರ್ತಾನೇ ಇಲ್ಲ ನೋಡಿ" ಎಂದ, ಸಂತೋಷದಿಂದ.

ಆ ರಾತ್ರಿಯೇ ಹೋದೆ. ಕಟ್ಟಿದ ಎರಡರ ಆಸೆ ಇರಲಿಲ್ಲ. ಬಿಸಿಲು, ಇಬ್ಬನಿ, ಒಂದು ದಿನದ ಮಳೆ. ಬೆಳಗ್ಗೆ ಎದ್ದು ನೋಡಿದರೆ ಗದ್ದೆಯ ತುಂಬ ಕಂದುಬಣ್ಣದ ಗೆರೆಗಳು ಗಾಳಿಗೆ ಹಾಡುತ್ತಿದ್ದವು. ಅರ್ಧ ಕಿಲೋಮೀಟರು ಉದ್ದದ ಯಾವ ಗಳಿಗೆಗಳು ಅಲ್ಲಿ ಕಟ್ಟಿಕೊಂಡಿದ್ದವೋ ಅದು ಯಾರಿಗೂ ಇನ್ನು ತಿಳಿಯುವುದಿಲ್ಲ. ಕೊಟ್ಟಿಗೆಯಲ್ಲಿದ್ದುದನ್ನು ತಂದೆ. ಹಲ್ಲು ಮುರಿದಿತ್ತು. ಕಿಟಕಿಯಲ್ಲಿ ಬೂಷ್ಟು ಬೆಳ್ಳಗೆ ಕಾಣುತ್ತಿತ್ತು.

ಶಿಷ್ಯ ಅದನ್ನು ಬೇರೆ ಟೇಪುಗಳಿಂದ ದೂರವಿಟ್ಟು, ಒಣ ಡಬ್ಬಿಯಲ್ಲಿ ಸಿಲಿಕಾ ಹರಳುಗಳ ಜೊತೆ ಎರಡು ವಾರ ಇಟ್ಟ. ಆಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಹೊರಗಿನ ಜಗಲಿಯಲ್ಲಿ ಕುಳಿತು, ಐದು ತಿರುಪುಗಳನ್ನು ಬಿಚ್ಚಿ, ಸುರುಳಿಯನ್ನು ನಯವಾದ ಬಟ್ಟೆಯ ನಡುವೆ ಹಾಯಿಸುತ್ತ ಕೈಯಿಂದ ನಿಧಾನವಾಗಿ ಸುತ್ತಿದ. ಶುದ್ಧವಾದ ಇನ್ನೊಂದು ಕ್ಯಾಸೆಟ್ಟಿನ ಗೂಡಿನಲ್ಲಿ ಕೂರಿಸಿದ. ಒಂದೆಡೆ ಟೇಪು ಹರಿದಿತ್ತು. ಅದನ್ನು ಅಂಟಿಸಿ, "ಸರ್, ಒಂದೇ ಸಲ ಓಡಿಸೋಣ. ನಿಲ್ಲಿಸುವುದು, ಹಿಂದೆ ಮುಂದೆ ಮಾಡುವುದು ಬೇಡ" ಎಂದ.

ಓಡಿತು. ಚಿತ್ರ ಕೆಟ್ಟಿತ್ತು, ಬಣ್ಣ ಒಸರುತ್ತಿತ್ತು, ಗೀರುಗಳು ಹರಿಯುತ್ತಿದ್ದವು. ಗುಲಾಬಿಯಿಲ್ಲ, ಹೃದಯವಿಲ್ಲ. ಆದರೆ ಧ್ವನಿಯಿತ್ತು. ಪಾತ್ರೆಗಳ ಸದ್ದು, ಮಗುವೊಂದರ ಅಳು, ಯಾರೋ ಯಾರನ್ನೋ ಹಾಲಿಗೆ ಕಳಿಸಿದ್ದು, ತಂದೆಯವರು ದೀಪದ ಹುಡುಗನಿಗೆ ಕಾಪಿ ಕೊಡಿ ಎಂದದ್ದು, ಇವೆಲ್ಲದರ ನಡುವೆ ಅಜ್ಜಿಯ ಕಂಠ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಿದರೆ ಕೇಳುಗರು ಮನ್ನಿಸಬೇಕು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಎಂ.ಎ. ತರಗತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವನು ನಾನು. ಲಿಪಿಕಾರ ತಿದ್ದಿ ಅಂದಗೊಳಿಸಿದ ಪ್ರತಿಯನ್ನು ನಂಬಬೇಡಿ, ಹುಳು ತಿಂದು ಮಸಿ ಹಿಡಿದ ಓಲೆಯಲ್ಲಿ ಕವಿಯ ಪಾಠ ಉಳಿದಿರಬಹುದು, ಯಾವುದನ್ನೂ ನೋಡದೆ ಬಿಸಾಡಬೇಡಿ ಎಂದು ಎಷ್ಟು ಸಲ ಹೇಳಿದ್ದೆನೋ. ಕೌಟಿಲ್ಯನ ಅರ್ಥಶಾಸ್ತ್ರ ಎಷ್ಟೋ ಕಾಲ ಹೆಸರಾಗಿ ಮಾತ್ರ ಉಳಿದಿತ್ತು. ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂದುಕೊಟ್ಟ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಬಿಚ್ಚಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಮಾಡಿಸಿದರು. ಈ ಕತೆಯನ್ನು ಪ್ರತಿವರ್ಷ ಹೊಸ ತರಗತಿಗೆ ರೋಮಾಂಚನಗೊಂಡು ಹೇಳುತ್ತಿದ್ದ ನಾನು, ಬಂಗಾರದ ಅಕ್ಷರದ ಪ್ರತಿಯನ್ನು ಇಟ್ಟುಕೊಂಡು ಮೂಲವನ್ನು ಗಿಳಿ ಓಡಿಸಲು ಕೊಟ್ಟಿದ್ದೆ.

ಇನ್ನು ಕೇಳುಗರು ನಿರೀಕ್ಷಿಸುತ್ತಿರುವ ಉಪಯೋಗದ ಮಾತು. ಟೇಪುಗಳನ್ನು ಪುಸ್ತಕದಂತೆ ನಿಲ್ಲಿಸಿಡಿ, ತಂಪಾದ ಒಣಗಿದ ಕಡೆ; ಅಟ್ಟವೂ ಬೇಡ, ಸ್ನಾನದ ಮನೆಯ ಗೋಡೆಯೂ ಬೇಡ. ಸಿನಿಮಾ, ಧಾರಾವಾಹಿಗಳು ಬೇರೆಡೆ ಸಿಕ್ಕುತ್ತವೆ, ಅವಕ್ಕೆ ಹಣ ಸುರಿಯಬೇಡಿ. ಆದರೆ ಅದರ ಕೊನೆಯಲ್ಲಿ ಮನೆಯವರು ಏನಾದರೂ ತೆಗೆದಿದ್ದಾರೆಯೇ ನೋಡಿ; ನಮ್ಮ ರಾಮಾಯಣದ ಒಂದು ಟೇಪಿನ ಬಾಲದಲ್ಲಿ ಸೋದರಮಾವನ ಗೃಹಪ್ರವೇಶ ಸಿಕ್ಕಿತು. ಮನೆಯಲ್ಲಿ ತೆಗೆದದ್ದನ್ನು ಮೊದಲು ಇಳಿಸಿ. ಅದರಲ್ಲೂ ಬೂಷ್ಟು ಹಿಡಿಯಲು ತೊಡಗಿದ್ದನ್ನು ಎಲ್ಲಕ್ಕಿಂತ ಮೊದಲು. ಇಳಿಸುವವರನ್ನು, ಹೆಚ್ಚು ಕುಗ್ಗಿಸದ ದೊಡ್ಡ ಕಡತವನ್ನೂ ಕೊಡಿ ಎಂದು ಕೇಳಿ. ಅದು ಗಂಟೆಗೆ ಹದಿಮೂರು ಗಿಗಾಬೈಟಿನಷ್ಟು ಆಗಬಹುದು, ಆಗಲಿ. ನೋಡುವುದಕ್ಕೆ ಚಿಕ್ಕದೊಂದನ್ನು ಮಾಡಿಕೊಳ್ಳಿ. ಸಾಧ್ಯವಿದ್ದರೆ ಮೂಲ ಟೇಪನ್ನು ಎಸೆಯಬೇಡಿ. ಎಸೆಯಲೇಬೇಕೆಂದರೂ ಸುಡಬೇಡಿ, ಆ ಹೊಗೆ ಕೆಟ್ಟದ್ದು. ವಿದ್ಯುತ್ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಗದ್ದೆಯೂ ಆದೀತು, ನೋಡಿದ ಮೇಲೆ.

ಪ್ರತಿ ಮಾತ್ರ ಒಂದಕ್ಕಿಂತ ಹೆಚ್ಚು ಇರಬೇಕು, ಬೇರೆ ಬೇರೆ ಊರಿನಲ್ಲಿರಬೇಕು, ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು, ಡಿಸ್ಕುಗಳೂ ಸಾಯುತ್ತವೆ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗೆ ಎಣ್ಣೆ ಸವರುವುದು ಸ್ವಲ್ಪ ಕಾಲಕ್ಕೆ, ಪ್ರತಿಮಾಡುವುದು ಬಹುಕಾಲಕ್ಕೆ ಎಂಬುದು ಆ ತಾಯಿಗೆ ಗೊತ್ತಿತ್ತು. ಇನ್ನೊಂದು: ಯಾರು ಯಾರೆಂಬುದನ್ನು ಬರೆದಿಡಿ. ಭೀಮರಥ ಶಾಂತಿಯ ಟೇಪಿನಲ್ಲಿ ತಂದೆಯ ಪಕ್ಕದಲ್ಲಿಯೇ ಕುಳಿತು ನಗುತ್ತಿರುವ ಒಬ್ಬರನ್ನು ಗುರುತಿಸುವವರು ಈಗ ಯಾರೂ ಉಳಿದಿಲ್ಲ.

ತಮ್ಮನ ಟೇಪುಗಳ ಕತೆ ಚಿಕ್ಕದು. ಅಮೆರಿಕದ ಟಿ.ವಿ. ಪದ್ಧತಿ ಬೇರೆ, ನಮ್ಮದು ಬೇರೆ. ಅಲ್ಲಿ ತೆಗೆದದ್ದು ನಮ್ಮ ಯಂತ್ರದಲ್ಲಿ ಕಪ್ಪುಬಿಳುಪಿನ ಗೆರೆಗಳಾಗಿ ಉರುಳುತ್ತಿತ್ತು. ಎರಡು ಪದ್ಧತಿಯನ್ನೂ ಬಲ್ಲ ಯಂತ್ರಗಳು ಆಗಲೂ ಇದ್ದವು; ನಾವು ಹುಡುಕಲಿಲ್ಲ, ಹೇಗೂ ಬರುತ್ತಾನಲ್ಲ ಎಂದುಕೊಂಡೆವು. ಮೊಮ್ಮಗ ಮೊದಲ ಹೆಜ್ಜೆಯಿಟ್ಟದ್ದು ಅದರಲ್ಲಿತ್ತು. ಅಮ್ಮ ೨೦೦೭ರಲ್ಲಿ ಹೋದಳು, ಅದನ್ನು ನೋಡಲಿಲ್ಲ.

ಜನವರಿಯಲ್ಲಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆ. ಮೊದಲು ತಪ್ಪೊಪ್ಪಿಕೊಂಡೆ. ತಂಗಿ ಅದನ್ನು ಕೇಳಿಸಿಕೊಂಡಳು, ಏನೂ ಹೇಳಲಿಲ್ಲ. ಎರಡು ಟೇಪು ಗದ್ದೆಗೆ ಹೋದ ಕತೆ ಹೇಳಿದಾಗ ಮಾತ್ರ ನಕ್ಕಳು. "ಗಿಳಿಗಳಾದರೂ ಹೆದರಿದುವಲ್ಲ. ನನಗೆ ಆವತ್ತು ಅಷ್ಟು ಬುದ್ಧಿ ಇರಲಿಲ್ಲ" ಎಂದಳು. ನಾನು ನಗಬೇಕೋ ಬೇಡವೋ ತಿಳಿಯದೆ ಕಾಪಿ ಕುಡಿದೆ.

ಆಮೇಲೆ ನಮ್ಮಿಬ್ಬರಿಗೂ ವಾದವಾಯಿತು. ಟೇಪನ್ನು ಅಖಂಡವಾಗಿ ಉಳಿಸಬೇಕು, ಕತ್ತರಿಸುವ ಹಕ್ಕು ನಮಗಿಲ್ಲ, ನೂರು ವರ್ಷದ ಮೇಲೆ ನೋಡುವವರಿಗೆ ಆ ಕಾಲದ ಮದುವೆ ಹೇಗಿತ್ತೆಂಬುದು ತಿಳಿಯಬೇಕು ಎಂದು ನಾನು ಉಪನ್ಯಾಸವನ್ನೇ ಕೊಟ್ಟೆ. ಅವಳು ಮುಗಿಯುವತನಕ ಕಾದು, "ಅದು ಪಂಪಭಾರತ ಅಲ್ಲ ಅಣ್ಣ. ಅದರಲ್ಲಿ ಇರೋದು ನಾನು" ಎಂದಳು. ನಲವತ್ತು ವರ್ಷ ಪಾಠ ಹೇಳಿದವನ ಬಾಯಿ ಅಲ್ಲಿಗೆ ಕಟ್ಟಿತು. ಓಲೆಗರಿಗೆ ನೋವಾಗುವುದಿಲ್ಲ. ಬದುಕಿರುವವರ ದಾಖಲೆಯ ಮೇಲೆ ಮೊದಲ ಹಕ್ಕು ಯಾರದು ಎಂಬ ಪ್ರಶ್ನೆ ನಮ್ಮ ಶಾಸ್ತ್ರದಲ್ಲಿ ಹುಟ್ಟಿರಲೇ ಇಲ್ಲ.

ಅಜ್ಜಿಯ ಹಾಡಷ್ಟನ್ನಾದರೂ ಕೇಳು ಎಂದೆ. ಒಪ್ಪಿದಳು. ಆ ಭಾಗ ಒಟ್ಟು ಹನ್ನೊಂದು ನಿಮಿಷ. ಅಜ್ಜಿ ಕೆಮ್ಮಿ, ತಾಳ ಹಾಕಿ, ಎತ್ತುಗಡೆ ಮಾಡಿದಳು. ಎರಡನೆಯ ನುಡಿಯ ನಡುವೆ ಅವಳಿಗೆ ಮರೆತುಹೋಗುತ್ತದೆ. "ಮುಂದೆ ಏನೇ?" ಎನ್ನುತ್ತಾಳೆ. ಆಗ ಒಳಕೋಣೆಯಿಂದ, ಚಿತ್ರದಲ್ಲಿ ಕಾಣಿಸದ, ಎಳೆಯ ದನಿಯೊಂದು ಮುಂದಿನ ಸಾಲನ್ನು ಹೇಳಿಕೊಡುತ್ತದೆ. ಅಜ್ಜಿ ನಕ್ಕು, "ಮದುಮಗಳೇ ಹಾಡಬಾರದೇ, ಸುಮ್ಮನಿರು" ಎಂದು ಮುಂದುವರಿಯುತ್ತಾಳೆ.

ಆ ದನಿಯನ್ನು ಶಿವಮೊಗ್ಗದಲ್ಲಿ ಕೇಳಿದಾಗ ನನಗೆ ಯಾರದೆಂದು ಗೊತ್ತಾಗಿರಲಿಲ್ಲ. ತಂಗಿಗೆ ತಕ್ಷಣ ಗೊತ್ತಾಯಿತು. "ಇನ್ನೊಂದು ಸಲ ಹಾಕು" ಎಂದಳು. ನಾಲ್ಕು ಸಲ ಹಾಕಿದೆ.

ಕೊನೆಗೆ ನಾವು ಮಾಡಿಕೊಂಡ ಏರ್ಪಾಡು ಇಷ್ಟು. ಮದುವೆಯ ಟೇಪು, ಅದರಿಂದ ಇಳಿಸಿದ ಕಡತ ಎರಡೂ ಅವಳ ವಶದಲ್ಲಿವೆ. ನನ್ನಲ್ಲಿಯೂ ಶಿಷ್ಯನಲ್ಲಿಯೂ ಇದ್ದ ಪ್ರತಿಗಳನ್ನು ಅಳಿಸಿದ್ದೇವೆ. ಅವಳು ಅವನ್ನು ಇಟ್ಟಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಹೆಸರಿಲ್ಲದ ಟೇಪಿನಿಂದ ಅಜ್ಜಿಯ ಹನ್ನೊಂದು ನಿಮಿಷ ಮಾತ್ರ ನಮ್ಮಿಬ್ಬರಲ್ಲಿಯೂ ತಮ್ಮನಲ್ಲಿಯೂ ಇದೆ. ಗುಂಪಿಗೆ ಅದನ್ನು ಹಾಕುವುದೋ ಬೇಡವೋ ಎಂಬುದು ಅವಳ ತೀರ್ಮಾನ, ಇನ್ನೂ ಹಾಕಿಲ್ಲ.

ಹಾಡನ್ನು ಈಗ ಅವಳು ಒಂದು ನೋಟುಪುಸ್ತಕದಲ್ಲಿ ಬರೆದಿದ್ದಾಳೆ. ಕಳೆದ ತಿಂಗಳು ಅದರ ನಕಲನ್ನು ನನಗೆ ಅಂಚೆಯಲ್ಲಿ ಕಳಿಸಿದಳು. ಆರು ನುಡಿಗಳಲ್ಲಿ ಐದು ಪೂರ್ತಿಯಾಗಿವೆ. ನಾಲ್ಕನೆಯದರ ನಡುವೆ, ಟೇಪು ಹರಿದ ಜಾಗದಲ್ಲಿ, ಒಂದೂವರೆ ಸಾಲು ಇಲ್ಲ. ನಾನು ಪ್ರಾಸವನ್ನೂ ಲಯವನ್ನೂ ನೋಡಿ ಒಂದು ಪಾಠವನ್ನು ಊಹಿಸಿ ಬರೆದು ಕಳಿಸಿದೆ. ಮರುಟಪಾಲಿಗೆ ಉತ್ತರ ಬಂತು: "ಅಣ್ಣ, ಇದು ಅಜ್ಜಿಯ ಮಾತಲ್ಲ, ನಿನ್ನದು. ಆ ಜಾಗ ಖಾಲಿ ಇರಲಿ. ಕೊಪ್ಪದ ಚಿಕ್ಕಮ್ಮನಿಗೆ ನೆನಪಿರಬಹುದು, ಹೋಗಿ ಕೇಳುತ್ತೇನೆ." ಚಿಕ್ಕಮ್ಮನಿಗೆ ಎಂಬತ್ತೊಂಬತ್ತು. ಬರುವ ಭಾನುವಾರ ಹೊರಟಿದ್ದೇವೆ, ಇಬ್ಬರೂ.